ಸುತ್ತಿಗೆ ಬೀಳುವಷ್ಟು ಹೊತ್ತು

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಗ್ಗೆ ಅಡುಗೆಮನೆಗೆ ಬಂದರೆ ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಬಲ್ಬ್ ಇತ್ತು. ರಟ್ಟಿನ ಪೆಟ್ಟಿಗೆಯಿಂದ ಯಾರೂ ತೆಗೆದಿರಲಿಲ್ಲ. ನನ್ನ ಗಂಡ ಕೊನೆಯ ಸಲ ಮನೆಯಿಂದ ಹೊರಗೆ ಹೋದದ್ದು ಅದನ್ನು ತರುವುದಕ್ಕೆ. ತಂದ. ವಾಪಸು ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಯ ತಿರುವಿನಲ್ಲಿ ಸುಧಾರಿಸಿಕೊಳ್ಳುವವನ ಹಾಗೆ ಕುಳಿತ. ಅಷ್ಟೆ. ಅವನಿಗೆ ಮೂವತ್ತಾರು ವರ್ಷ. ಹೃದಯ ಎಂದರು ಡಾಕ್ಟರು. ಕೆಳಗಿನ ಮನೆಯಾಕೆ ಬಲ್ಬನ್ನು ನನ್ನ ಕೈಯಲ್ಲಿಟ್ಟು, ಒಡೆದಿಲ್ಲ ನೋಡಮ್ಮ ಎಂದಳು. ನಾನು ಥ್ಯಾಂಕ್ಸ್ ಎಂದೆ.

ಅತ್ತೆ ಮೇಜಿನ ಮುಂದೆ ಕುಳಿತು ಹಳೆಯ ಲಕೋಟೆಯೊಂದರ ಹಿಂಬದಿಯಲ್ಲಿ ಪಟ್ಟಿ ಬರೆಯುತ್ತಿದ್ದರು. ಮಗ ಯಾರು ಯಾರಿಂದ ಏನೇನು ತಂದಿದ್ದ ಎಂಬ ಪಟ್ಟಿ. ಕೆಳಗಿನ ಮನೆಯ ಏಣಿ. ಔಷಧಿ ಅಂಗಡಿಯವನ ಛತ್ರಿ. ನನ್ನ ಕಾಲೇಜು ಲೈಬ್ರರಿಯ ಎರಡು ಪುಸ್ತಕ, ನನ್ನ ಹೆಸರಿನಲ್ಲಿ.

"ಅವನು ತಂದದ್ದು ತಂದದ್ದೇ," ಎಂದರು. "ಕೊಟ್ಟೋರು ಸತ್ತು ಹೋದ್ರೂ ವಾಪಸ್ ಕೊಡ್ತಿರ್ಲಿಲ್ಲ."

ಹೇಳಿದ ಮೇಲೆ ಅವರ ಮಾತು ಅವರಿಗೇ ಕೇಳಿಸಿತು. ಪೆನ್ನಿಗೆ ಮುಚ್ಚಳ ಹಾಕಿದರು.

ಅಷ್ಟರಲ್ಲಿ ಗಡಿಯಾರದ ಫೋನು ಬಂತು. ಗಡಿಯಾರ ಎಂಬುದು ಅವನು ಇಟ್ಟ ಹೆಸರು. ಆಕೆ ಸಾಕ್ಷ್ಯಚಿತ್ರ ಮಾಡುವವರು. ನಮಸ್ಕಾರ ಎನ್ನುವ ಮೊದಲು ಇನ್ನೆಷ್ಟು ದಿನ ಉಳಿದಿದೆ ಎಂದು ಹೇಳುವವರು. ಒಂದೂವರೆ ವರ್ಷದಿಂದ ಅವನು ಅವರ ಚಿತ್ರದ ಸಂಕಲನ ಮಾಡುತ್ತಿದ್ದ. ದೊಡ್ಡವರು ಎಂದು ಎಲ್ಲರೂ ಕರೆಯುವ ಒಬ್ಬ ಹಿರಿಯ ಸಿನಿಮಾ ನಿರ್ದೇಶಕರ ಐವತ್ತು ವರ್ಷದ ಕೆಲಸದ ಬಗ್ಗೆ ಆ ಚಿತ್ರ. ದೊಡ್ಡವರ ಹೆಸರಿನ ಹಿಂದೆ ಒಂದು ಮಾತು ಬಾಲದ ಹಾಗೆ ಅಂಟಿಕೊಂಡಿದೆ: ದನಿ ಇಲ್ಲದವರಿಗೆ ದನಿ ಕೊಟ್ಟವರು. ನಾನು ಓದುವಾಗ ನಮ್ಮ ಪಠ್ಯದಲ್ಲೂ ಇತ್ತು. ಈಗ ನಾನೇ ಕಾಲೇಜಿನಲ್ಲಿ ಭಾಷೆ ಕಲಿಸುತ್ತೇನೆ. ಅದೇ ಮಾತನ್ನು ನಾನೂ ಹೇಳಿಕೊಟ್ಟಿದ್ದೇನೆ.

ಗಡಿಯಾರ ಮೊದಲು ಅತ್ತರು. ಆಮೇಲೆ, ಕ್ಷಮಿಸಿ, ಇನ್ನು ಆರೇ ದಿನ ಉಳಿದಿದೆ ಎಂದರು. ಚಿತ್ರೋತ್ಸವಕ್ಕೆ ಕಳಿಸಬೇಕು. ಚಿತ್ರ ಮುಗಿದಿದೆ, ಹಾರ್ಡ್ ಡಿಸ್ಕ್ ನಿಮ್ಮ ಮನೆಯಲ್ಲಿದೆ. ನಾಳೆ ಹನ್ನೊಂದಕ್ಕೆ ಬರುತ್ತೇನೆ, ಎರಡು ಸಹಿ ಬೇಕು. ಒಂದು ಡಿಸ್ಕ್ ಒಪ್ಪಿಸಿದ್ದಕ್ಕೆ. ಇನ್ನೊಂದು ನಿಮ್ಮ ದನಿಗೆ.

ಯಾವ ದನಿಗೆ ಎಂದೆ.

"ಅವನು ಹೇಳಿರ್ಲಿಲ್ವಾ?"

ಹೇಳಿದ್ದ ಎಂದೆ. ಯಾಕೆ ಸುಳ್ಳು ಹೇಳಿದೆನೋ ಗೊತ್ತಿಲ್ಲ. ಗಂಡ ಹೇಳದೆ ಹೋದದ್ದು ಇದೆ ಎಂದು ಒಪ್ಪಿಕೊಳ್ಳುವ ಧೈರ್ಯ ಆ ಬೆಳಗ್ಗೆ ಇರಲಿಲ್ಲ.

ಅವನು ಕೆಲಸ ಮಾಡುತ್ತಿದ್ದ ಕೋಣೆಗೆ ನಾನು ಆ ದಿನಗಳಲ್ಲಿ ಕಾಲಿಟ್ಟಿರಲಿಲ್ಲ. ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಕೋಣೆ; ಹಗಲಲ್ಲೂ ದೀಪ ಬೇಕು. ದೀಪ ಸುಟ್ಟು ಹೋಗಿತ್ತು, ಅದಕ್ಕೇ ಬಲ್ಬ್. ಏಣಿಯನ್ನು ಅತ್ತೆ ಆಗಲೇ ಕೆಳಗೆ ಕಳಿಸಿಬಿಟ್ಟಿದ್ದರು. ಕುರ್ಚಿಯ ಮೇಲೆ ನಿಂತು ಹಾಕಿದೆ. ಮೇಜು ಅವನು ಬಿಟ್ಟ ಹಾಗೇ ಇತ್ತು: ಕನ್ನಡಕ ಒರೆಸುವ ಬಟ್ಟೆ, ಅರ್ಧ ತಿಂದ ಬಿಸ್ಕತ್ತು, ಟವೆಲಿನಲ್ಲಿ ಸುತ್ತಿದ ಒಂದು ಹಳೆಯ ಕ್ಯಾಸೆಟ್ ಪ್ಲೇಯರ್, ಒಳಗೆ ಒಂದು ಕ್ಯಾಸೆಟ್. ಪ್ಲೇಯರಿಗೆ ಅಂಟಿಸಿದ ಚೀಟಿಯಲ್ಲಿ ಅವನ ಅಕ್ಷರ: ಪೋಸ್ಟರಮ್ಮನದು. ವಾಪಸು ಕೊಡಬೇಕು. ಮರೆಯಬೇಡ. ಬೇರೆ ಯಾವ ಸಾಮಾನಿಗೂ ಅವನು ಹಾಗೆ ಬರೆದುಕೊಂಡದ್ದನ್ನು ನಾನು ಕಂಡಿಲ್ಲ.

ಪೋಸ್ಟರಮ್ಮನ ಬಗ್ಗೆ ಅವನು ಹೇಳಿದ್ದ. ದೊಡ್ಡವರ ಅತಿ ಹೆಸರಾದ ಚಿತ್ರ ಕಲ್ಲುಗಣಿಯ ಕೆಲಸಗಾರರ ಬಗ್ಗೆ. ಅದರ ನಾಯಕಿಯಾಗಿ ಅವರು ನಟಿಯನ್ನು ಹಾಕಲಿಲ್ಲ. ಗಣಿಯಲ್ಲೇ ಕಲ್ಲು ಒಡೆಯುತ್ತಿದ್ದ ಹದಿನಾರು ವರ್ಷದ ಹುಡುಗಿಯನ್ನು ಹಾಕಿದರು. ಆ ಮುಖದ ಪೋಸ್ಟರ್ ಈಗಲೂ ಸಿನಿಮಾದ ಪುಸ್ತಕಗಳಲ್ಲಿದೆ. ಹುಡುಗಿ ಮತ್ತೆ ಯಾವ ಚಿತ್ರದಲ್ಲೂ ಬರಲಿಲ್ಲ. ಈಗ ಅರವತ್ತು ದಾಟಿದ ಆಕೆಯನ್ನು ಅವರ ಬೀದಿಯವರು ಪೋಸ್ಟರಮ್ಮ ಎನ್ನುತ್ತಾರಂತೆ.

ಕಂಪ್ಯೂಟರಿನ ಗುಂಡಿ ಒತ್ತಿದೆ. ಅವನು ಆರಿಸಿರಲಿಲ್ಲ, ಮಲಗಿಸಿದ್ದ ಅಷ್ಟೆ. ಚಿತ್ರ ತೆರೆದೇ ಇತ್ತು.

ಇಪ್ಪತ್ತೊಂದು ಜನ ಮಾತನಾಡುತ್ತಾರೆ ಅದರಲ್ಲಿ. ಕ್ಯಾಮೆರಾದವರು, ವಿಮರ್ಶಕರು, ನಟರು, ಹಣ ಹಾಕಿದವರು. ಅವರಲ್ಲಿ ಇಪ್ಪತ್ತು ಜನ ಗಂಡಸರು. ಆ ಎಲ್ಲರ ಹಿಂದೆಯೂ ಪುಸ್ತಕದ ಕಪಾಟು. ಒಬ್ಬರ ಮಾತಿನ ಕೊನೆ ಇನ್ನೊಬ್ಬರ ಮಾತಿನ ಮೊದಲಿಗೆ ಕೂಡುತ್ತಿತ್ತು, ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ. ನಲವತ್ತನೆಯ ನಿಮಿಷಕ್ಕೆ ಇಪ್ಪತ್ತೊಂದನೆಯವರು ಬಂದರು. ಬಿಳಿ ಕೂದಲು, ಅಗಲ ಕೆನ್ನೆ, ಪೋಸ್ಟರಿನ ಅದೇ ಕಣ್ಣು. ಆಕೆ ಬಾಯಿ ತೆರೆದರು.

ನಾನು ಮಾತನಾಡಿದೆ.

ಹಾಗೆ ಬರೆಯದೆ ಬೇರೆ ದಾರಿ ಇಲ್ಲ. ಆಕೆಯ ತುಟಿ ಅಲುಗಿತು, ನನ್ನ ದನಿ ಬಂತು. ನಮ್ಮ ಬದುಕನ್ನು ಅವರು ತೆರೆಯ ಮೇಲೆ ತಂದರು, ಎಂದೆ ನಾನು, ಆಕೆಯ ಬಾಯಲ್ಲಿ. ಪದ ಪದವೂ ಸ್ಪಷ್ಟ, ಚಿಕ್ಕಂದಿನಲ್ಲಿ ವಾಚನ ಸ್ಪರ್ಧೆಗಳಲ್ಲಿ ಬಹುಮಾನ ತಂದುಕೊಟ್ಟ ದನಿ. ಮುಖ ತೋರಿಸಿದಲ್ಲೆಲ್ಲ ತುಟಿಗೆ ಸರಿಯಾಗಿ ಪದ ಕೂತಿತ್ತು. ಕೂರದ ಕಡೆ ಕೈ ತೋರಿಸಿದ್ದ, ಬೆನ್ನು ತೋರಿಸಿದ್ದ. ಆ ಕೆಲಸದಲ್ಲಿ ಅವನು ನಿಸ್ಸೀಮ.

ನೆನಪಾಯಿತು. ಮೂರು ತಿಂಗಳ ಹಿಂದಿನ ಭಾನುವಾರ. ಹತ್ತು ನಿಮಿಷ ನಿನ್ನ ದನಿ ಬೇಕು ಎಂದಿದ್ದ. ಹೊರಗಿನ ಗದ್ದಲ ಬರಬಾರದೆಂದು ನನ್ನನ್ನು ಬಟ್ಟೆಯ ಬೀರುವಿನಲ್ಲಿ ಕೂರಿಸಿ, ಕೈಯಲ್ಲಿ ಒಂದು ಹಾಳೆ, ಟಾರ್ಚು, ಮೈಕು ಕೊಟ್ಟಿದ್ದ. ಯಾರ ಮಾತು ಇದು ಎಂದರೆ, ಒಬ್ಬ ಅಜ್ಜೀದು, ಬರೀ ಪೈಲಟ್‌ಗೆ, ಆಮೇಲೆ ತೆಗೆದುಬಿಡ್ತೀನಿ ಎಂದ. ಅತ್ತೆ ಟವೆಲಿಗೆಂದು ಬೀರು ತೆರೆದು ನನ್ನನ್ನು ನೋಡಿ, ನಮ್ಮ ಕಾಲದಲ್ಲಿ ಗಂಡನ ಹತ್ತಿರ ಜಗಳ ಆಡಿದರೆ ತವರಿಗೆ ಹೋಗ್ತಿದ್ವಿ, ಬೀರುಗೆ ಹೋಗ್ತಿರಲಿಲ್ಲ ಎಂದಿದ್ದರು. ಮೂವರೂ ನಕ್ಕಿದ್ದೆವು. ಆ ನಗುವೂ ಎಲ್ಲೋ ಆ ಡಿಸ್ಕಿನಲ್ಲಿ ಇರಬೇಕು.

ಪೈಲಟ್ ಎಂದರೇನೆಂದು ಮದುವೆಯಾದ ಹೊಸದರಲ್ಲೇ ಅವನು ಹೇಳಿಕೊಟ್ಟಿದ್ದ. ದಾರಿ ತೋರಿಸುವುದಕ್ಕೆ ಮಾತ್ರ ಹಿಡಿದಿಟ್ಟುಕೊಂಡ ದನಿ. ಹಿಂದೆಲ್ಲ ಶೂಟಿಂಗ್ ಜಾಗದಲ್ಲಿ ಒಂದು ಒರಟು ದನಿ ಹಿಡಿಯುತ್ತಿದ್ದರು. ಆಮೇಲೆ ಸ್ಟುಡಿಯೋದಲ್ಲಿ ಅದನ್ನು ಕೇಳಿಕೊಂಡು ಶುದ್ಧವಾಗಿ ಮತ್ತೆ ಮಾತನಾಡಿ ತುಂಬುತ್ತಿದ್ದರು. ತುಂಬಿದ ಮೇಲೆ ಪೈಲಟ್ ಕಸ. ಹಾಗಾದರೆ ನನ್ನ ದನಿಯೂ ಕಸ, ತೆಗೆಯಲು ಅವನಿಗೆ ಹೊತ್ತು ಸಾಲಲಿಲ್ಲ ಅಷ್ಟೆ ಎಂದುಕೊಂಡೆ. ಹಾಗೆಂದುಕೊಂಡಾಗ ಎದೆಯ ಭಾರ ಸ್ವಲ್ಪ ಇಳಿಯಿತು. ತೆರೆಯ ಕೆಳಗಡೆ ದನಿಗಳು ಪಟ್ಟಿ ಪಟ್ಟಿಯಾಗಿ ಮಲಗಿರುತ್ತವೆ, ಪ್ರತಿಯೊಂದಕ್ಕೂ ಹೆಸರು ಇರುತ್ತದೆ. ನೋಡಿದೆ.

ಆಕೆಯ ಜಾಗದಲ್ಲಿ ಎರಡು ಪಟ್ಟಿ ಇದ್ದವು. ಒಂದು ನನ್ನದು. ಹೆಸರು: ಫೈನಲ್.

ಇನ್ನೊಂದನ್ನು ಬಾಯಿ ಮುಚ್ಚಿಸಿ ಇಟ್ಟಿದ್ದ. ಅದು ಆಕೆಯ ಸ್ವಂತ ದನಿ. ಹೆಸರು: ಪೈಲಟ್.

ಕೊನೆಯ ಬದಲಾವಣೆ, ಬುಧವಾರ, ಮಧ್ಯಾಹ್ನ ನಾಲ್ಕು ಹತ್ತು. ಅವನು ಹೋದದ್ದು ಗುರುವಾರ ಬೆಳಗ್ಗೆ.

ಅತ್ತೆ ಒಮ್ಮೆ ಬಂದು ಬಾಗಿಲಲ್ಲಿ ನಿಂತು ಹೋದರು. ಆಮೇಲೆ ನನ್ನ ದನಿ ಆರಿಸಿ ಆಕೆಯದನ್ನು ಹಾಕಿದೆ.

ಮೊದಲು ಅನ್ನಿಸಿದ್ದು, ಯಂತ್ರ ಕೆಟ್ಟಿದೆ ಎಂದು. ಆಕೆ ಜೋರಾಗಿ ಮಾತನಾಡುತ್ತಾರೆ, ದೂರದವರನ್ನು ಕೂಗುವ ಹಾಗೆ. ಎರಡು ಮೂರು ಪದ ಹೇಳುತ್ತಾರೆ, ನಿಲ್ಲುತ್ತಾರೆ. ಮತ್ತೆ ಎರಡು ಪದ. ಆ ನಿಲುಗಡೆ ತಡವರಿಕೆಯಲ್ಲ. ಆಕೆಯೇ ಅದನ್ನು ವಿವರಿಸುತ್ತಾರೆ: ಗಣಿಯಲ್ಲಿ ಸುತ್ತಿಗೆ ಬೀಳುವಾಗ ಮಾತು ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿಯವರೆಲ್ಲ ಸುತ್ತಿಗೆ ಎತ್ತುವಾಗ ಹೇಳಿ, ಬೀಳುವಾಗ ನಿಲ್ಲಿಸುತ್ತಿದ್ದರು. ಸುತ್ತಿಗೆ ಬಿಟ್ಟು ಎಷ್ಟೋ ವರ್ಷವಾದರೂ ಮಾತು ಅದನ್ನು ಬಿಡಲಿಲ್ಲ.

ಚಿತ್ರ ಬಿಡುಗಡೆಯಾದ ದಿನ ಗಣಿಯವರೆಲ್ಲ ಲಾರಿ ಮಾಡಿಕೊಂಡು ಹೋಗಿ ನೋಡಿದರಂತೆ. "ನಾನು ಬಾಯಿ ತೆಗೆದೆ," ಎನ್ನುತ್ತಾರೆ. ನಿಲುಗಡೆ. "ಬೇರೆ ಯಾವಳೋ ಮಾತಾಡಿದ್ಲು." ನಿಲುಗಡೆ. "ನಮ್ಮಮ್ಮ ಕೇಳಿದ್ಲು, ಏನೇ, ಮೈಮೇಲೆ ಬಂದಿದ್ಯಾ ನಿಂಗೆ."

ಮೈಕು ಹಿಡಿದಿದ್ದವನೊಬ್ಬನಿಗೆ ಕನಿಕರ ಹುಟ್ಟಿ, ಬಿಸಾಡುವ ಪೈಲಟ್ಟನ್ನು ಒಂದು ಕ್ಯಾಸೆಟ್ಟಿಗೆ ಹಾಕಿಕೊಟ್ಟಿದ್ದನಂತೆ. ಆಕೆಯ ಹದಿನಾರು ವರ್ಷದ ದನಿ ಉಳಿದಿರುವುದು ಅದೊಂದರಲ್ಲೇ. ಯಾಕೆ ನಿಮ್ಮ ದನಿ ಬೇಡವೆಂದರು ಎಂದು ಗಡಿಯಾರ ಕೇಳುವುದು ಕೇಳಿಸುತ್ತದೆ. ದೊಡ್ಡವರು ನಗುತ್ತ ಹೇಳಿದ್ದರಂತೆ: ಮುಖ ದೇವತೆ ಹಾಗಿದೆ, ಬಾಯಿ ಬಿಟ್ಟರೆ ಬಣ್ಣಗೇಡು.

ಕೊನೆಗೆ ನಾನು ಓದಿದ್ದ ವಾಕ್ಯ ಬಂತು. ಆಕೆ ಹೇಳಿದ್ದು ಹೀಗೆ:

"ನಮ್ಮ ಬದುಕು ತಂದ್ರು." ನಿಲುಗಡೆ. "ಬಾಯಿ ಅಲ್ಲೇ ಬಿಟ್ಟು ಬಂದ್ರು."

ನನಗೆ ಕೊಟ್ಟ ಹಾಳೆಯಲ್ಲಿ ಮೊದಲಿನದು ಮಾತ್ರ ಇತ್ತು. ಸಂಕಲನಕಾರರಿಗೆ ನಿಲುಗಡೆ ಕಂಡರೆ ಕತ್ತರಿ ಕೈಗೆ ಬರುತ್ತದೆ. ಅವನು ಅಲ್ಲಿ ಕತ್ತರಿಸಿದ್ದ.

ಗಡಿಯಾರ ಮರುದಿನ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಐವತ್ತರ ಹೆಂಗಸು, ಕೈಯಲ್ಲಿ ಒಂದು ಕಡತ. ಅತ್ತೆಯ ಕೈ ಹಿಡಿದು ತುಂಬ ಹೊತ್ತು ಕುಳಿತರು. ಅವರ ದುಃಖ ನಿಜವಾದದ್ದು. ಅದನ್ನು ನಾನು ಇಲ್ಲಿ ಬರೆಯಲೇಬೇಕು. ಅತ್ತೆ ಕೇಳಿದ್ದು ಒಂದೇ: ಅವನ ಹೆಸರು ಬರುತ್ತಲ್ವಾ? ಬರುತ್ತೆ, ಮೂರನೇ ಹೆಸರೇ ಅವನದು, ಇಡೀ ತೆರೆಯಲ್ಲಿ ಒಂದೇ ಹೆಸರು ಎಂದರು ಗಡಿಯಾರ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಚಹಾಕ್ಕೆ ಎದ್ದರು.

ಡಿಸ್ಕಿನ ಕಾಗದಕ್ಕೆ ಸಹಿ ಹಾಕಿದೆ. ದನಿಯ ಕಾಗದವನ್ನು ಪಕ್ಕಕ್ಕಿಟ್ಟೆ. ಆಕೆಯ ದನಿಯನ್ನೇ ಯಾಕೆ ಇಡಬಾರದು ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ತುಂಬ ಸಲ ತಮಗೇ ಹೇಳಿಕೊಂಡಿದ್ದನ್ನು ನನಗೆ ಹೇಳಿದರು. ಆ ನಿಲುಗಡೆ ಕೇಳಿ ನೋಡುವವರು ನಗುತ್ತಾರೆ, ಪರೀಕ್ಷೆಗೆಂದು ತೋರಿಸಿದಾಗ ನಕ್ಕರು. ತೆರೆಯ ಕೆಳಗೆ ಮಾತನ್ನು ಅಕ್ಷರದಲ್ಲಿ ಹಾಕಬಹುದಿತ್ತು. ಆದರೆ ನಮ್ಮದೇ ಭಾಷೆ ಮಾತನಾಡುವವರ ಕೆಳಗೆ ನಮ್ಮದೇ ಭಾಷೆಯ ಅಕ್ಷರ ಹಾಕಿದರೆ ಅದಕ್ಕಿಂತ ಅವಮಾನ ಉಂಟೇ? ಉಳಿದ ಇಪ್ಪತ್ತು ಜನರಿಗೆ ಇಲ್ಲದ್ದು ಆಕೆಗೆ ಮಾತ್ರ ಯಾಕೆ? ಒಳ್ಳೆಯ ದನಿ ಹಾಕಿದ್ದು ಗೌರವದಿಂದಲೇ.

"ಅವರನ್ನ ಬಿಡೋ ಹಾಗೂ ಇಲ್ಲ," ಎಂದು ಕಡತ ತೆರೆದರು. ಚಿತ್ರೋತ್ಸವದವರ ಒಂದು ನಮೂನೆ. ಪ್ರಾತಿನಿಧ್ಯದ ವಿವರ ಎಂದು ಮೇಲೆ ಅಚ್ಚಾಗಿತ್ತು. ಮಾತನಾಡುವವರಲ್ಲಿ ಮಹಿಳೆಯರು ಎಷ್ಟು, ಕೂಲಿ ಕೆಲಸದವರು ಎಷ್ಟು, ಹಿಂದುಳಿದ ಸಮುದಾಯದವರು ಎಷ್ಟು. ಮೂರರಲ್ಲೂ ಒಂದು ಎಂದು ಬರೆದಿತ್ತು. "ಒಬ್ಬರೇ ಮೂರು ಕಾಲಂ ತುಂಬ್ತಾರೆ. ಈ ವರ್ಷ ಇದಿಲ್ದೆ ತಗೊಳ್ಳೋದೇ ಇಲ್ಲ."

"ದನಿಗೆ ಕಾಲಂ ಇದೆಯಾ?" ಎಂದೆ.

ಅವರು ನಿಜವಾಗಿಯೂ ಹಾಳೆ ತಿರುವಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನೋಡಮ್ಮ, ಇದು ನನಗೆ ಹೊಳೆದಿದ್ದಲ್ಲ. ಅವನಿಗೆ ಹೊಳೆದಿದ್ದು. ನಮ್ಮ ಮನೇಲೇ ಒಳ್ಳೆ ದನಿ ಇದೆ ಮೇಡಂ ಅಂದ."

ಅತ್ತೆ ಚಹಾ ತಂದು ಮೇಜಿನ ಮೇಲಿಟ್ಟರು. ಮೂರು ಲೋಟ. ಯಾರೂ ಕುಡಿಯಲಿಲ್ಲ. ಅವನು ಆ ಮಾತನ್ನು ಎಷ್ಟು ಹೆಮ್ಮೆಯಿಂದ ಹೇಳಿರಬಹುದೆಂದು ನನಗೆ ಗೊತ್ತಾಯಿತು. ನೆಂಟರ ಮುಂದೆ, ಇವಳದು ಒಳ್ಳೆ ದನಿ ಕಣ್ರೀ ಎಂದು ಅವನು ಹೇಳುತ್ತಿದ್ದ ರೀತಿ ಕಿವಿಯಲ್ಲಿತ್ತು. ಹೊಡೆತ ಬಿದ್ದದ್ದು ಅಲ್ಲಿ. ನನ್ನ ಮೇಲಿನ ಪ್ರೀತಿಯಿಂದಲೂ ಅವನು ಅದನ್ನು ಮಾಡಿದ್ದ.

ಸಹಿ ಹಾಕುವುದಿಲ್ಲ ಎಂದೆ. ಮತ್ತೊಮ್ಮೆ ಕೇಳಬೇಡಿ, ಮತ್ತೊಮ್ಮೆ ಕೇಳಿದರೆ ಹಾಕಿಬಿಡುತ್ತೇನೇನೋ ಎಂದೂ ಹೇಳಿದೆ. ಹಾಗಿದ್ದರೆ ಆಕೆಯನ್ನೇ ತೆಗೆಯಬೇಕಾಗುತ್ತದೆ ಎಂದರು. ತೆಗೆದರೆ ಮೂರು ಕಾಲಂ ಖಾಲಿ ಎಂದೆ. ಚಿತ್ರವೇ ಹೋಗದಿದ್ದರೆ ಅವನ ಹೆಸರೂ ಹೋಗುವುದಿಲ್ಲ, ಯೋಚನೆ ಮಾಡಿ ಎಂದರು. ಅದನ್ನು ಅವರು ಅತ್ತೆಯ ಕಡೆ ನೋಡದೆ ಹೇಳಿದರು. ಅತ್ತೆಗೆ ಕೇಳಿಸಿತು. ಆಕೆಯನ್ನೇ ಕೇಳಿಬರುತ್ತೇನೆ, ಅಲ್ಲಿಯವರೆಗೆ ಡಿಸ್ಕ್ ಇಲ್ಲೇ ಇರಲಿ ಎಂದೆ. ಇನ್ನು ಐದು ದಿನ ಎಂದು ಹೇಳಿ ಎದ್ದರು. ಮೆಟ್ಟಿಲ ಮೇಲೆ ಎರಡನೆಯ ಮಹಡಿಯ ತಿರುವಿನಲ್ಲಿ ಅವರ ಹೆಜ್ಜೆ ಸದ್ದು ಸ್ವಲ್ಪ ಹೊತ್ತು ನಿಂತಿತು.

ಆ ಮಧ್ಯಾಹ್ನ ಅತ್ತೆ ನನ್ನ ಜೊತೆ ಮಾತನಾಡಲಿಲ್ಲ. ನಾನು ಕೋಣೆಗೆ ಹೋಗಿ ಕುಳಿತೆ. ಸಂಕಲನ ನನಗೆ ಬರುವುದಿಲ್ಲ. ಹೆಸರು ಬದಲಿಸುವುದು ಬರುತ್ತದೆ. ಫೈನಲ್ ಎಂದಿದ್ದನ್ನು ಅಳಿಸಿ ಪೈಲಟ್ ಎಂದು ಬರೆದೆ, ಪೈಲಟ್ ಎಂದಿದ್ದನ್ನು ಫೈನಲ್ ಎಂದು. ಉಳಿಸಬೇಕೇ ಎಂದು ಕೇಳಿತು. ಹೌದು ಎಂದು ಒತ್ತಿದೆ.

ಒತ್ತಿದ ಮೇಲೆ ಗೊತ್ತಾಯಿತು. ಕೊನೆಯ ಬದಲಾವಣೆಯ ಜಾಗದಲ್ಲಿ ಈಗ ಇವತ್ತಿನ ದಿನ ಇತ್ತು. ಬುಧವಾರ, ನಾಲ್ಕು ಹತ್ತು, ಹೋಗಿತ್ತು. ಅವನ ಕೈ ಕೊನೆಯ ಸಲ ಅಲ್ಲಿ ಮುಟ್ಟಿದ ಗುರುತನ್ನು ನಾನೇ ಒರೆಸಿಹಾಕಿದ್ದೆ. ವಾಪಸು ತರಲು ಇರುವ ಎಲ್ಲ ಗುಂಡಿಗಳನ್ನೂ ಒತ್ತಿದೆ. ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ.

ಮರುದಿನ ಬೆಳಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಅತ್ತೆ ಬಂದರು. ಪ್ಲೇಯರನ್ನು ಒಗೆದ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದ್ದರು.

"ಅದರ ಸೆಲ್ಲು ಮುಗ್ದಿತ್ತು. ಹೊಸದು ಹಾಕಿದ್ದೀನಿ," ಎಂದರು. "ನಿನ್ನೆ ನೀನು ಮಲಗಿದಾಗ ಕ್ಯಾಸೆಟ್ ಹಾಕಿ ಕೇಳ್ದೆ." ಚೀಲದ ಹಿಡಿ ನನ್ನ ಕೈಗೆ ಬಂದ ಮೇಲೂ ಬಿಡಲಿಲ್ಲ. "ಅವನ ಹೆಸರು ಬರ್ಲಿ ಅಂತ ಆಸೆ ಕಣೇ ನಂಗೆ. ಆದ್ರೆ ಪರರ ಸೊತ್ತಿನ ಮೇಲೆ ಬರೋದು ಬೇಡ."

ಬಸ್ಸಿನ ಕೊನೆಯ ನಿಲ್ದಾಣದಿಂದ ಹತ್ತು ನಿಮಿಷ ನಡಿಗೆ. ಗಣಿ ಈಗ ಇಲ್ಲ. ಇದ್ದ ಜಾಗದಲ್ಲಿ ದೊಡ್ಡ ಹಳ್ಳ, ಸುತ್ತ ತಂತಿ ಬೇಲಿ, ಆಚೆ ಸಾಲು ಮನೆ. ಪೋಸ್ಟರಮ್ಮ ಎಂದೊಡನೆ ಒಬ್ಬಳು ಹೆಂಗಸು ಕೈ ತೋರಿಸಿದಳು. ಬೀದಿಗೆ ತೆರೆದ ಕೋಣೆಯಲ್ಲಿ ಆಕೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಪಕ್ಕದಲ್ಲಿ ಬೇರೆ ಬೇರೆ ಮನೆಯ ಗಂಟುಗಳು.

"ಅಮ್ಮ, ಒಳಗೆ ಬರಬಹುದಾ?" ಎಂದೆ.

ಆಕೆ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದರು. ನನ್ನ ಮುಖ ನೋಡಲಿಲ್ಲ. ತಲೆ ವಾರೆ ಮಾಡಿ ಕೇಳಿಸಿಕೊಂಡರು.

"ನೀನು ನನ್ನ ದನಿ ಅಲ್ವಾ?"

ನಾನು ಹೊಸ್ತಿಲಲ್ಲೇ ನಿಂತೆ. ಗೊತ್ತಿತ್ತು ಆಕೆಗೆ. ಅವನು ಬಂದು ನಾನು ಓದಿದ್ದನ್ನು ಫೋನಿನಲ್ಲಿ ಹಾಕಿ ಕೇಳಿಸಿದ್ದನಂತೆ. ಇದು ನನ್ನ ಹೆಂಡತಿ ಎಂದಿದ್ದನಂತೆ. ಕೂರು ಎಂದು ಸ್ಟೂಲಿನಿಂದ ಒಂದು ಗಂಟು ತೆಗೆದರು.

ಅವನಿಗೆ ಏನು ಹೇಳಿದಿರಿ ಎಂದು ಕೇಳಿದೆ. ಆಕೆ ಮತ್ತೆ ಇಸ್ತ್ರಿ ಹಿಡಿದರು. ಪೆಟ್ಟಿಗೆ ಎತ್ತಿದಾಗ ಮಾತು, ಊರಿದಾಗ ಮೌನ.

"ಚೆನ್ನಾಗ್ ಓದ್ತಾಳೆ ಹುಡುಗಿ, ಅಂದೆ." ಇಸ್ತ್ರಿ ಉಸಿರು ಬಿಟ್ಟಿತು. "ಒಂದ್ಸಲ ಆಗೋಯ್ತು, ಆಗ ನಂಗೆ ಹದಿನಾರು, ಅಂದೆ." ತೋಳು ಮಡಿಸಿದರು. "ಈಗ ಮತ್ತೆ ಯಾಕಪ್ಪ, ನಾನಿನ್ನೂ ಸತ್ತಿಲ್ವಲ್ಲ, ಅಂದೆ."

"ಅವನೇನಂದ?"

"ಏನೂ ಅನ್ಲಿಲ್ಲ. ಕೂತಿದ್ದ. ಹೋಗೋವಾಗ ಕ್ಯಾಸೆಟ್ ಕೊಟ್ಟು ಹೋಗು ಅಂದೆ." ಮೌನ. "ಇನ್ನೊಂದ್ ವಾರ ಬೇಕಮ್ಮ, ಕೆಲಸ ಇದೆ ಅಂದ."

ಯಾವ ದಿನ ಬಂದಿದ್ದ ಎಂದು ಕೇಳಿದೆ. ನನ್ನ ದನಿ ಏರಿತ್ತೇನೋ, ಆಕೆ ತಲೆ ಎತ್ತಿದರು. ನನಗೆ ಬೇಕಾಗಿದ್ದದ್ದು ಒಂದೇ ಸಂಗತಿ. ಬುಧವಾರಕ್ಕೆ ಮೊದಲು ಬಂದಿದ್ದರೆ, ಈ ಮಾತು ಕೇಳಿಸಿಕೊಂಡ ಮೇಲೂ ಹೋಗಿ ಫೈನಲ್ ಎಂದು ಬರೆದ. ಬುಧವಾರ ಸಂಜೆ ಬಂದಿದ್ದರೆ, ಗುರುವಾರ ಬೆಳಗ್ಗೆ ಬಲ್ಬ್ ತಂದದ್ದು ಕೂತು ನನ್ನ ದನಿಯನ್ನು ತೆಗೆಯುವುದಕ್ಕೆ.

"ನೀರು ಬಂದ ದಿನ," ಎಂದರು ಯೋಚಿಸಿ. "ಕೊಡ ಒಳಗಿಡೋಕೆ ಕೈ ಹಾಕ್ದ, ಪಾಪ."

"ಇಲ್ಲಿ ನೀರು ಯಾವತ್ತು ಬರುತ್ತೆ ಅಮ್ಮ?"

"ಅವರಿಗೆ ನೆನಪಾದ ದಿನ."

ಪಕ್ಕದ ಮನೆಯ ಹೆಂಗಸನ್ನು ಕೂಗಿ ಕೇಳಿದರು. ಆಕೆ ಸೋಮವಾರ ಎಂದಳು, ಒಳಗಿಂದ ಗಂಡನೋ ಯಾರೋ ಅಲ್ಲ ಬುಧವಾರ ಎಂದ, ಇಬ್ಬರೂ ಅದರ ಮೇಲೆ ಜಗಳಕ್ಕೆ ನಿಂತರು. ನಾನು ಕೇಳುವುದನ್ನು ನಿಲ್ಲಿಸಿದೆ.

"ಅವನೇ ಬರಬಹುದಿತ್ತಲ್ಲ," ಎಂದರು ಪೋಸ್ಟರಮ್ಮ. "ನಿನ್ನ ಯಾಕೆ ಕಳಿಸ್ದ? ನಾಚಿಕೆನಾ?"

"ಅವನಿಲ್ಲ ಅಮ್ಮ," ಎಂದೆ. "ತೀರ್ಕೊಂಡ."

ಯಾರಿಗೂ ನಾನೇ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರಿಗೂ ಬೇರೆ ಯಾರೋ ಹೇಳಿದ್ದರು. ನನ್ನ ಬಾಯಿಂದ ಬಂದ ಆ ಮಾತು ಕೇಳಿ ನಾನು ಬೆಚ್ಚಿದೆ. ಪೋಸ್ಟರಮ್ಮ ಇಸ್ತ್ರಿಯ ಸ್ವಿಚ್ಚು ಆರಿಸಿದರು. ಮೇಜು ಸುತ್ತಿ ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟರು, ಬಿಸಿ ಕೈ. ಆಗಲೇ ನಾನು ಅತ್ತದ್ದು. ಅತ್ತದ್ದೂ ಸ್ವಲ್ಪವೇ.

ಆಮೇಲೆ ಕೇಳಬೇಕಾದ್ದನ್ನು ಕೇಳಿದೆ. ಚಿತ್ರದಲ್ಲಿ ನನ್ನ ದನಿ ಇರುವುದಿಲ್ಲ. ನಿಮ್ಮದು ಇಟ್ಟರೆ ಕೆಲವರು ನಗಬಹುದು. ಬೇಡವೆಂದರೆ ನಿಮ್ಮನ್ನೇ ತೆಗೆಯುತ್ತಾರೆ. ಏನು ಮಾಡಲಿ?

"ನಗ್ಲಿ ಬಿಡು. ನಗೋರ ಬಟ್ಟೆಗೂ ನಾನೇ ಇಸ್ತ್ರಿ ಹಾಕೋದು." ಮೌನ. "ಬಾಯಿ ಇದ್ರೆ ನಾನು ಇರ್ತೀನಿ. ಇಲ್ದಿದ್ರೆ ಮುಖಾನೂ ಬೇಡ ಅಂತ ಹೇಳು ಅವಳಿಗೆ."

ಅದನ್ನು ಹಾಗೇ, ಒಂದು ಅಕ್ಷರ ತಿದ್ದದೆ, ಗಡಿಯಾರಕ್ಕೆ ಫೋನಿನಲ್ಲಿ ಬರೆದು ಕಳಿಸಿದೆ. ಉತ್ತರ ಬೇಗ ಬಂತು: ಇನ್ನು ನಾಲ್ಕು ದಿನ. ಬೇರೆ ಎಡಿಟರ್ ಹುಡುಕಬೇಕು. ನೋಡೋಣ.

ಗೋಡೆಯಲ್ಲಿ ಪೋಸ್ಟರ್ ಇರಬಹುದೆಂದು ಕಣ್ಣು ಹುಡುಕುತ್ತಿತ್ತು. ಆಕೆಗೆ ತಿಳಿಯಿತು. ಇಸ್ತ್ರಿ ಮೇಜಿನ ಕಂಬಳಿಯ ಮೂಲೆ ಎತ್ತಿ ತೋರಿಸಿದರು. ಅಡಿಯಲ್ಲಿ ಹದಿನಾರು ವರ್ಷದ ಕಣ್ಣುಗಳು, ಶಾಖಕ್ಕೆ ಕಂದುಬಣ್ಣ ತಿರುಗಿದ್ದವು. ಒಳ್ಳೆ ದಪ್ಪ ಕಾಗದ, ಎಂದರು.

ಚೀಲದಿಂದ ಪ್ಲೇಯರ್ ತೆಗೆದು ಟವೆಲು ಬಿಚ್ಚಿದೆ. ಹಾಕು, ಹಾಳು ಮಾಡಿದಾನೋ ಏನೋ ನೋಡೋಣ ಎಂದರು. ಗುಂಡಿ ಒತ್ತಿದೆ. ಮೊದಲು ಗಾಳಿಯ ಸದ್ದು, ದೂರದಲ್ಲಿ ಕಲ್ಲಿನ ಸದ್ದು. ಒಬ್ಬಳು ಹುಡುಗಿ ಎರಡು ಪದ ಕೂಗಿ ಹೇಳಿ ನಿಂತಳು. ಆ ನಿಲುಗಡೆಯಲ್ಲಿ ಸುತ್ತಿಗೆ ಬಿತ್ತು. ಮತ್ತೆ ಎರಡು ಪದ. ಪೋಸ್ಟರಮ್ಮನ ತುಟಿ ಅದರ ಜೊತೆಯಲ್ಲೇ ಅಲುಗುತ್ತಿತ್ತು, ಒಂದು ಕೂದಲೆಳೆಯಷ್ಟೂ ಹಿಂದುಮುಂದಿಲ್ಲದೆ.

ಅವರೇ ಆರಿಸಿದರು. ಸರಿ ಇದೆ ಎಂದರು.

ನಾನು ಎರಡೂ ಕೈಯಲ್ಲಿ ಎತ್ತಿ ಕೊಟ್ಟೆ. ಅವನ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಆಕೆ ಆ ತುದಿ ಹಿಡಿದರು. ನಾನು ಈ ತುದಿಯನ್ನು ಸುತ್ತಿಗೆ ಬೀಳುವಷ್ಟು ಹೊತ್ತು ಹಿಡಿದಿದ್ದು, ಬಿಟ್ಟೆ.